ಬಿಷಪ್ಪರ ಬಾಗಿಲಲ್ಲಿ ನಾನು ಮತ್ತು ನನ್ನ ತಂಗಿ

ಹಾಸನ

ಪರದೇಶದಲ್ಲಿ ಕಂಡದ್ದನ್ನೆಲ್ಲ ನಾನು ಒಂದು ಸಲ ಬಾಯಲ್ಲಿ ಹೇಳಿ ಮುಗಿಸಿದ್ದೇನೆ. ನನ್ನ ತಂಗಿ ನಿಂಗಮ್ಮನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೆಚ್ಚುಕಡಿಮೆ ಹೋಗಿಬಿಟ್ಟಿದೆ. ಬೆಳಕು ಯಾವುದು, ನೆರಳು ಯಾವುದು, ಎದುರಿಗೆ ಯಾರೋ ಇದ್ದಾರೆ ಅನ್ನುವಷ್ಟು ತಿಳಿಯುತ್ತದೆ. ಉಳಿದದ್ದನ್ನು ಪಕ್ಕದಲ್ಲಿದ್ದವರು ಹೇಳಬೇಕು. ಆ ಕೆಲಸಕ್ಕೇ ಅವಳು ನನ್ನನ್ನು ಕರೆದುಕೊಂಡು ಹೋದದ್ದು. ಅವಳಿಗೆ ಹೇಳದೆ ನುಂಗಿಕೊಂಡದ್ದನ್ನೂ ಸೇರಿಸಿ ಈಗ ಬರೆಯುತ್ತಿದ್ದೇನೆ.

ನಾನು ಕೊಣನೂರಿನ ಕಡೆಯವನು. ಎಸ್ಸೆಸ್ಸೆಲ್ಸಿ ಮುಗಿಸಿ ಬೇಸಾಯಕ್ಕೆ ಬಂದೆ. ಅಪ್ಪ ಹೋದಮೇಲೆ ಊರಿನ ಯಜಮಾನಿಕೆ ನನಗೆ ಬಂತು. ಚಾವಡಿಯಲ್ಲಿ ಕೂತು ಜಗಳ ತೀರಿಸುವುದು, ತಪ್ಪು ಅಂದರೆ ದಂಡ ಹಾಕುವುದು, ಕಟ್ಟು ಮೀರಿದವರನ್ನು ಕುಲದಿಂದ ಹೊರಗಿಡುವುದು ನನ್ನ ಕೆಲಸ. ನಿಂಗಮ್ಮ ಹೊಳೆನರಸೀಪುರದಲ್ಲಿ ಹೊಲಿಗೆ ಕಲಿಯಲು ಹೋದವಳು ಅಲ್ಲಿನ ಆಸ್ಪತ್ರೆಯ ಕಾಂಪೌಂಡರ್ ಅಂತೋಣಿಯನ್ನು ಮದುವೆಯಾದಳು. ಅವನ ತಾತ ನಮ್ಮೂರ ಹೊರಗೇರಿಯಿಂದಲೇ ಹೋಗಿ ಕ್ರೈಸ್ತರಾದವರು. ನಾನೇ ತೀರ್ಮಾನ ಹೇಳಿದೆ: ಇವಳು ನಮ್ಮ ಪಾಲಿಗೆ ಸತ್ತಳು, ಇವಳ ಜತೆ ಮಾತಾಡಿದವರೂ ಹೊರಗೆ. ಬದುಕಿದ್ದವಳ ಹೆಸರಿನಲ್ಲಿ ಹಾಲುತುಪ್ಪ ಬಿಟ್ಟೆವು.

ಕೆಲವು ವರ್ಷಗಳ ಮೇಲೆ ಅವ್ವ ಹಾಸಿಗೆ ಹಿಡಿದಳು. ಹೇಗೋ ಸುದ್ದಿ ತಿಳಿದು ನಿಂಗಮ್ಮ ಬಸ್ಸಿನಲ್ಲಿ ಬಂದು ಊರ ಮುಂದಿನ ಅರಳಿಕಟ್ಟೆಯ ಮೇಲೆ ಕೂತಳು. ನಾನು ಹೋದೆ. ಬರಬೇಡ ಅಂತ ನಾನು ಹೇಳಿದರೆ ಅವಳು ನನ್ನನ್ನು ದಾಟಿಕೊಂಡು ಬಂದುಬಿಡುತ್ತಾಳೆ ಎಂದು ಗೊತ್ತಿತ್ತು. ಅದಕ್ಕೆ, "ಅವ್ವನೇ ಬ್ಯಾಡ ಅಂದವ್ಳೆ. ನಿನ್ನ ಮುಖ ನೋಡಕಿಲ್ವಂತೆ. ವಾಪಸ್ ಓಗು," ಅಂದೆ. ಅವ್ವ ಹಾಗೆ ಅಂದಿರಲಿಲ್ಲ. ಆ ಹೊತ್ತಿನಲ್ಲೂ ಒಳಗೆ ಮಲಗಿ ಅವಳನ್ನೇ ಕೂಗುತ್ತಿದ್ದಳು. ನಿಂಗಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಬಸ್ಸು ಬರುವ ತನಕ ಕೂತಿದ್ದು ಎದ್ದು ಹೋದಳು. ಆ ವಾರವೇ ಅವ್ವ ತೀರಿಕೊಂಡಳು.

ಆಮೇಲೆ ಕಾಲ ಹೋಯಿತು. ಬಹಿಷ್ಕಾರವನ್ನು ನಾನು ತೆಗೆಯಲಿಲ್ಲ, ಅದು ತಾನಾಗಿ ಸವೆಯಿತು. ನನ್ನ ಹೆಂಡತಿ ಹಾಸನದ ಆಸ್ಪತ್ರೆಯಲ್ಲಿದ್ದಾಗ ಅಷ್ಟೊತ್ತಿಗೆ ಅಲ್ಲೇ ಮನೆ ಮಾಡಿದ್ದ ನಿಂಗಮ್ಮ ದಿನಾ ಬುತ್ತಿ ತಂದುಕೊಟ್ಟಳು. ಹಳೆಯದನ್ನು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಊರಿಗೆ ಮಾತ್ರ ಅವಳು ಮತ್ತೆ ಕಾಲಿಡಲಿಲ್ಲ.

ಅಂತೋಣಿ ಹೋದ ಮಾರನೆಯ ವರ್ಷ ಅವಳ ಫೋನು ಬಂತು.

"ಅಣ್ಣ, ನಿನ್ತಾವ ಪಾಸ್‌ಪೋರ್ಟ್ ಐತಾ?"

ಮಾನಸ ಸರೋವರಕ್ಕೆ ಹೋಗುತ್ತೇನೆಂದು ಒಮ್ಮೆ ಮಾಡಿಸಿಕೊಂಡು ಹೋಗದೆ ಉಳಿದ ಪಾಸ್‌ಪೋರ್ಟ್ ಬೀರುವಿನಲ್ಲಿತ್ತು. ಅವಳ ಚರ್ಚಿನವರು ರೋಮಿಗೂ ಫ್ರಾನ್ಸಿನ ಲೂರ್ದ್ ಎಂಬ ಮಾತೆಯ ಕ್ಷೇತ್ರಕ್ಕೂ ಯಾತ್ರೆ ಹೊರಟಿದ್ದರು.

"ಲೂರ್ದಲ್ಲಿ ಅವ್ವನ ಹೆಸರಲ್ಲಿ ಒಂದು ಮೇಣದ ಬತ್ತಿ ಹಚ್ಬೇಕು ಕಣಣ್ಣ. ಅವ್ವ ನನ್ನ ಕ್ಷಮಿಸ್ಬುಡ್ಲಿ ಅಂತ. ಅವಳ ಮಗ ನೀನೂ ಪಕ್ಕದಲ್ಲಿದ್ರೆ ಕೇಳಿಸ್ಕತಾಳೆ."

ಬರುತ್ತೇನೆ ಅಂದೆ. ಆ ಬತ್ತಿ ಹಚ್ಚುವ ಮೊದಲು ಹೇಳಿಬಿಡಬೇಕು ಅಂತ ಅವತ್ತೇ ತೀರ್ಮಾನ ಮಾಡಿಕೊಂಡೆ.

ರೋಮ್

ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಮೊದಲ ಅವಮಾನವಾಯಿತು. ನಾನು ಬಾಗಿಲು ದಾಟಿದಾಗಲೆಲ್ಲ ಯಂತ್ರ ಕೂಗುತ್ತದೆ. ಬೆಲ್ಟು ಬಿಚ್ಚಿಸಿದರು, ವಾಚು ಬಿಚ್ಚಿಸಿದರು. ಕೊನೆಗೆ ಸೊಂಟದ ಬೆಳ್ಳಿ ಉಡಿದಾರ ಸಿಕ್ಕಿತು. ಹುಟ್ಟಿದಾಗಿನಿಂದ ಸೊಂಟ ಖಾಲಿ ಬಿಟ್ಟವನಲ್ಲ. ಅಷ್ಟು ಜನರ ಮುಂದೆ ಅಂಗಿ ಎತ್ತಿ ನಿಂತೆ. ಹಿಂದೆ ನಿಂತಿದ್ದ ನಮ್ಮ ಗುಂಪಿನ ಫಿಲೋಮಿನಾ ಜೋರಾಗಿ ನಕ್ಕಳು. ಆಕೆ ಚನ್ನರಾಯಪಟ್ಟಣದವಳು, ನಿವೃತ್ತ ಟೀಚರು, ಬಾಯಿ ಜೋರು.

"ಲೂಸಿಯಮ್ಮ, ನಿಮ್ಮಣ್ಣಂಗೆ ಇನ್ನೂ ಉಡಿದಾರ ಕಟ್ಟೀದೀರಲ್ರೀ, ಎಳೇ ಮಗೂನಾ ಅವ್ರು?"

ಲೂಸಿ ಎಂದರೆ ನಿಂಗಮ್ಮನೇ, ಚರ್ಚಿನಲ್ಲಿ ಅವಳಿಗೆ ಇಟ್ಟ ಹೆಸರು. ಅವಳ ಆ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ರೋಮಿನಲ್ಲಿ ಜನ ಕಾಫಿಯನ್ನು ನಿಂತೇ ಕುಡಿಯುತ್ತಾರೆ, ಔಷಧಿ ಕುಡಿದಂತೆ ಒಂದೇ ಗುಟುಕು. ನಾಯಿ ಹೋಟೆಲಿಗೂ ಬರುತ್ತದೆ, ಬಸ್ಸಿಗೂ ಹತ್ತುತ್ತದೆ. ಅವರ ಬ್ರೆಡ್ಡನ್ನು ಕಚ್ಚಿ ನನ್ನ ಕಟ್ಟಿಸಿದ ಹಲ್ಲು ಅಲುಗಾಡಿತು. ಆಮೇಲೆ ನಿಂಗಮ್ಮ ತಂದಿದ್ದ ರಾಗಿ ಹುರಿಹಿಟ್ಟೇ ಗತಿ. ಎಲ್ಲವನ್ನೂ ಅವಳಿಗೆ ಹೇಳುತ್ತಾ ನಡೆದೆ. ಅವಳ ಕೈ ನನ್ನ ಮೊಣಕೈ ಮೇಲಿರುತ್ತಿತ್ತು. "ಮೆಟ್ಲು," ಅಂದರೆ ಕಾಲೆತ್ತುವಳು, "ಮುಗೀತು," ಅಂದರೆ ನಂಬಿ ಇಳಿಸುವಳು.

ದೊಡ್ಡ ಚರ್ಚಿನ ಒಳಗೆ ಮರದ ಗೂಡುಗಳಿದ್ದವು. ಪಾಪ ನಿವೇದನೆಗೆ ಎಂದರು. ಹೆಂಗಸರು ಸಾಲಾಗಿ ಕಾಯುತ್ತಿದ್ದರು.

"ಗೌಡ್ರೆ, ನೀವೂ ಒಂದ್ಸಲ ಓಗ್ಬನ್ನಿ, ಹಗುರಾಯ್ತೀರಾ," ಅಂದಳು ಫಿಲೋಮಿನಾ.

ನಮ್ಮ ಗುಂಪಿನ ಜತೆಗಿದ್ದ ಫಾದರ್ ಮಂಗಳೂರಿನ ಕಡೆಯವರು, ಫ್ರಾನ್ಸಿನ ಒಂದು ಚರ್ಚಿನಲ್ಲಿ ಬಹಳ ಕಾಲದಿಂದ ಇದ್ದಾರೆ. ಅವರನ್ನು ಪಕ್ಕಕ್ಕೆ ಕರೆದು, ನನ್ನಂಥವನೂ ಅದರೊಳಗೆ ಹೋಗಬಹುದಾ ಅಂತ ಕೇಳಿದೆ.

"ಹೋಗ್ಲಿಕ್ಕೆ ಯಾರು ಬೇಡ ಅಂತಾರೆ ಮಾರಾಯ್ರೆ. ಆದ್ರೆ ಯಾರಿಗೆ ತಪ್ಪು ಮಾಡಿದ್ದೀರೋ ಅವರು ಬದುಕಿದ್ರೆ, ಮೊದಲು ಅಲ್ಲಿಗೆ ಹೋಗ್ಬೇಕು. ಈ ಗೂಡು ಇಲ್ಲೇ ಇರ್ತದೆ."

ನಿಂಗಮ್ಮ ಕಂಬಕ್ಕೆ ಒರಗಿ ನಿಂತಿದ್ದಳು. ಹತ್ತಿರ ಹೋಗಿ, "ಇಲ್ಲಿ ಚಾವಣಿಗೆಲ್ಲ ಬಂಗಾರ ಹಚ್ಚವ್ರೆ," ಅಂದೆ. ಹೇಳಲು ಹೊರಟದ್ದು ಅದಲ್ಲ.

ಆರ್ಲ್

ರೋಮಿನಿಂದ ಲೂರ್ದಿಗೆ ಬಸ್ಸು. ದಾರಿಯಲ್ಲಿ ಫ್ರಾನ್ಸಿನ ಆರ್ಲ್ ಎಂಬ ಊರಲ್ಲಿ ರಾತ್ರಿ ತಂಗಿದೆವು. ಬೆಳಗ್ಗೆ ಪೆಟ್ಟಿಗೆ ಹಿಡಿದು ಬಂದರೆ ಡ್ರೈವರ್ ಹೋಟೆಲಿನ ಮುಂದೆ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದಾನೆ. ಅವನಿಗೆ ಅವತ್ತು ಕಡ್ಡಾಯ ವಿಶ್ರಾಂತಿಯಂತೆ. ಬಸ್ಸಿನಲ್ಲಿರುವ ಯಂತ್ರ ಅವನು ಓಡಿಸಿದ್ದನ್ನೆಲ್ಲ ಬರೆದುಕೊಳ್ಳುತ್ತದಂತೆ, ಮೀರಿದರೆ ಲೈಸೆನ್ಸ್ ಹೋಗುತ್ತದಂತೆ. ಹಿರೀಸಾವೆಯಲ್ಲಿ ನಿಲ್ಲಿಸಿ ಒಂದು ಕಾಫಿ ಕುಡಿದು ಮತ್ತೆ ಮಂಗಳೂರಿನ ತನಕ ಎಳೆಯುವ ಡ್ರೈವರುಗಳನ್ನು ಕಂಡ ನಮ್ಮ ಜನಕ್ಕೆ ಇದು ನಂಬಿಕೆಯೇ ಆಗಲಿಲ್ಲ. ಫಿಲೋಮಿನಾ ಅವನ ಮುಂದೆ ನಿಂತು ಕನ್ನಡದಲ್ಲೇ ಬೈದಳು. ಅವನು ನಗುತ್ತಾ ಹಾಳೆ ತಿರುಗಿಸಿದ.

ನಾನೂ ನಿಂಗಮ್ಮನೂ ಬೀದಿಗೆ ಹೊರಟೆವು. ಅವತ್ತು ಆ ಊರಿನ ಸಂತೆ. ಕೊಣನೂರಿನ ಸಂತೆಯ ಹಾಗೆಯೇ ನೆಲದ ತುಂಬ ಸೊಪ್ಪು, ಬೆಳ್ಳುಳ್ಳಿ, ಹಳೇ ಬಟ್ಟೆ. ಕೂಗಾಟ ಮಾತ್ರ ಇಲ್ಲ. ಒಂದು ಬ್ರೆಡ್ಡಿನ ಅಂಗಡಿಗೆ ಹೋಗಿ ಬೇಕಾದ್ದನ್ನು ಬೆರಳಿನಿಂದ ತೋರಿಸಿದೆ. ಅಂಗಡಿಯ ಹೆಂಗಸು ಕೈ ಕಟ್ಟಿ ನಿಂತಳು. ಮತ್ತೆ ತೋರಿಸಿದೆ. ಅವಳು ಕದಲಲಿಲ್ಲ. ಸಾಲಿನಲ್ಲಿದ್ದ ಮುದುಕನೊಬ್ಬ ನನ್ನ ಭುಜ ತಟ್ಟಿ "ಬೋಂಜೂ, ಬೋಂಜೂ," ಅಂತ ಹೇಳಿಕೊಟ್ಟ. ಅಲ್ಲಿ ಅಂಗಡಿಗೆ ಕಾಲಿಟ್ಟವರು ಮೊದಲು ನಮಸ್ಕಾರ ಹೇಳಬೇಕು, ಹೇಳದವರಿಗೆ ಸಾಮಾನು ಇಲ್ಲ. ಹೇಳಿದೆ. ಅವಳು ನಕ್ಕು ಬ್ರೆಡ್ಡು ಕಟ್ಟಿಕೊಟ್ಟಳು.

ನಿಂಗಮ್ಮ ಹೊರಗೆ ಬಂದು ನಕ್ಕಳು. "ಯಜಮಾನ್ರಿಗೇ ತಪ್ಪು ಹಾಕ್ಬುಟ್ಲು ಕಣಣ್ಣ."

ಬಿಷಪ್ಪರ ಚಪ್ಪಲಿ

ಮಧ್ಯಾಹ್ನಕ್ಕೆ ಮೊದಲು ಫಾದರ್ ನಮ್ಮನ್ನು ನದಿಯ ಪಕ್ಕದ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದರು. ಸಾಲುಸಾಲು ಕಲ್ಲಿನ ಶವಪೆಟ್ಟಿಗೆಗಳು. ಅವುಗಳ ನಡುವೆ ಒಂದು ಗಾಜಿನ ಕಪಾಟಿನಲ್ಲಿ ಆ ಊರಿನ ಹಳೆಯ ಬಿಷಪ್ಪರೊಬ್ಬರ ಚಪ್ಪಲಿ, ಹೆಗಲ ಮೇಲೆ ಹೊದೆಯುವ ಉಣ್ಣೆಯ ಪಟ್ಟಿ, ದಂತದ ಬಕಲ್ಲು ಇದ್ದವು. ಸಾವಿರದೈನೂರು ವರ್ಷದ ಹಿಂದಿನವು. ಆ ಬಿಷಪ್ಪರ ಹೆಸರು ನನ್ನ ನಾಲಿಗೆಗೆ ಹೊರಳದ್ದರಿಂದ ಬಿಷಪ್ಪರು ಎಂದೇ ಬರೆಯುತ್ತೇನೆ.

"ಚಪ್ಲಿ ಹೆಂಗದೆ?" ಅಂದಳು ನಿಂಗಮ್ಮ.

"ಕರ್ರಗೆ ಸುಕ್ಕಾಗವೆ. ಮಳೇಲಿ ನೆಂದು ಬಿಸ್ಲಲ್ಲಿ ಒಣಗಿದ ಚರ್ಮ ಆಯ್ತದಲ್ಲ, ಹಂಗೆ. ಸಣ್ಣ ಕಾಲು."

ಫಾದರ್ ಕತೆ ಹೇಳಿದರು. ರೋಮಿನ ಚಕ್ರವರ್ತಿಗಳ ಆಳ್ವಿಕೆ ಮುರಿದು ಬಿದ್ದ ಕಾಲ ಅದು. ಅಧಿಕಾರಿಗಳು ಇದ್ದವರು ಇಲ್ಲವಾದರು. ಒಬ್ಬ ರಾಜ ಹೋಗಿ ಇನ್ನೊಬ್ಬ ಬರುತ್ತಿದ್ದ. ಊರಲ್ಲಿ ಉಳಿದ ಹಿರಿಯ ಬಿಷಪ್ ಒಬ್ಬರೇ. ಜನ ವ್ಯಾಜ್ಯ ತಂದರೆ ಅವರೇ ತೀರಿಸಬೇಕು. ಬರ ಬಂದರೆ ಅವರೇ ಕಣಜ ತೆಗೆಯಬೇಕು. ರಾಜನಿಗೆ ಹೆದರಿ ಓಡಿಬಂದವನು ಚರ್ಚಿನೊಳಗೆ ಹೊಕ್ಕರೆ ಅವನನ್ನು ಎಳೆದೊಯ್ಯಲು ಬಿಡಬಾರದು. ಪಟೇಲ, ಧರ್ಮದರ್ಶಿ, ನ್ಯಾಯಾಧೀಶ ಮೂವರನ್ನೂ ಒಬ್ಬನ ಮೇಲೆ ಹೊರಿಸಿದ ಹಾಗೆ.

"ಒಂದು ಯುದ್ಧ ಆಯ್ತು ನೋಡಿ. ಸೆರೆ ಸಿಕ್ಕಿದವರನ್ನು ತಂದು ಇಲ್ಲಿ ಚರ್ಚಿನೊಳಗೆ ತುಂಬಿದ್ರು. ಅವರಲ್ಲಿ ಬೇರೆ ಮತದವರೂ ಇದ್ರು. ಈ ಬಿಷಪ್ಪರು ಚರ್ಚಿನ ಬೆಳ್ಳಿಯನ್ನೆಲ್ಲ ಮಾರಿ ಅವರನ್ನು ಬಿಡಿಸಿದ್ರು. ಊರಿನವರು ಬೈದ್ರು. ದೇವರ ಬೆಳ್ಳಿ ಶತ್ರುಗಳಿಗಾ ಅಂತ."

ನಾನು ಆ ಪುಟ್ಟ ಚಪ್ಪಲಿಗಳನ್ನೇ ನೋಡುತ್ತಿದ್ದೆ. ಇಂಥವನ ಮುಂದೆ ನಿಲ್ಲಲು ನನಗೆ ಯೋಗ್ಯತೆ ಇಲ್ಲ ಅನ್ನಿಸಿ ಹಿಂದಕ್ಕೆ ಸರಿದೆ. ಅಷ್ಟರಲ್ಲಿ ಫಾದರ್ ಮಾತು ಮುಂದುವರಿಸಿದರು.

"ಮುಚ್ಚಿಡುದು ಯಾಕೆ, ಇನ್ನೊಂದೂ ಹೇಳ್ತೇನೆ. ಇವರೇ ಬಿಷಪ್ಪರ ಸಭೆ ಕೂಡಿಸಿ, ಯೆಹೂದ್ಯರ ಜತೆ ಯಾರೂ ಊಟಕ್ಕೆ ಕೂರಬಾರದು ಅಂತಲೂ ಕಟ್ಟು ಮಾಡಿದ್ರು. ಅದೇ ಕೈ."

ನಿಂಗಮ್ಮ ಗಾಜಿನ ಮೇಲೆ ಅಂಗೈ ಇಟ್ಟು, "ಅಂಗಾರೆ ಊಟ ಬುಡ್ಸದು ಎಲ್ಲಾ ಕಡೆನೂ ಇತ್ತು ಅನ್ನಿ," ಅಂದಳು. ಸಿಟ್ಟಿನಿಂದ ಅಂದದ್ದಲ್ಲ. ಇಲ್ಲೂ ರಾಗಿ ಬೆಳೀತಾರಾ ಅಂತ ಕೇಳುವ ಹಾಗೆ ಅಂದಳು. ನನಗೆ ಆ ಬಿಷಪ್ಪರಿಂದ ಯಾವ ಸಮಾಧಾನವೂ ಉಳಿಯಲಿಲ್ಲ. ಅಷ್ಟು ದೊಡ್ಡ ಮನುಷ್ಯನಿಗೂ ಪಂಕ್ತಿಯಿಂದ ಎಬ್ಬಿಸುವುದು ಧರ್ಮ ಎಂದೇ ಕಂಡಿತ್ತು. ನನಗೂ ಚಾವಡಿಯಲ್ಲಿ ಹಾಗೆಯೇ ಕಂಡಿತ್ತು. ಆದರೆ ಅವರು ಯಾರನ್ನೋ ಬಿಡಿಸಿಯೂ ಇದ್ದರು. ನಾನು ಯಾರನ್ನೂ ಬಿಡಿಸಿರಲಿಲ್ಲ.

ಬಾಗಿಲು

ಸಂಜೆ ಬಿಸಿಲಿಗೆ ಊರ ನಡುವಿನ ದೊಡ್ಡ ಚರ್ಚಿನ ಮುಂದೆ ಬಂದೆವು. ಈ ಕಟ್ಟಡ ಆ ಬಿಷಪ್ಪರಿಗಿಂತ ಎಷ್ಟೋ ನೂರು ವರ್ಷ ಈಚಿನದಂತೆ. ಬಾಗಿಲ ಮೇಲೆಲ್ಲ ಕಲ್ಲಿನ ಕೆತ್ತನೆ. ಉಳಿದವರು ಒಳಗೆ ಹೋದರು. ನಾನು, ನಿಂಗಮ್ಮ, ಫಾದರ್ ಮೆಟ್ಟಿಲ ಮೇಲೆ ನಿಂತೆವು.

"ಏನದೆ ಯೋಳಣ್ಣ."

"ಮಧ್ಯ ದೇವ್ರು ಕೂತವ್ರೆ. ಎಡಕ್ಕೆ ಬಟ್ಟೆ ಉಟ್ಟ ಜನ, ಸಾಲಾಗಿ ದೇವ್ರ ಕಡೆ ಬತ್ತಾವ್ರೆ. ಬಲಕ್ಕೆ..."

"ಬಲಕ್ಕೆ?"

"ಬಟ್ಟೆ ಇಲ್ಲದೋರು. ಎಲ್ರುನೂ ಒಂದೇ ಸರಪಳೀಲಿ ಕಟ್ಟವ್ರೆ. ಆಚೀಕೆ ಎಳ್ಕಂಡು ಓಯ್ತಾವ್ರೆ."

"ಒಳೀಕೆ ಬುಡ್ದೆ ಹೊರಗೆ ಹಾಕ್ದೋರಾ?"

"ಊಂ."

"ಮುಖ ಹೆಂಗವೆ?"

"ಸವೆದೋಗವೆ. ಗೊತ್ತಾಗಕಿಲ್ಲ."

ಫಾದರ್ ಆ ಹಳೆಯ ಬಿಷಪ್ಪರ ಕಾಲದ ಒಂದು ಪದ್ಧತಿ ಹೇಳಿದರು. ಆಗ ಪಾಪ ನಿವೇದನೆಗೆ ಗೂಡು ಇರಲಿಲ್ಲ. ದೊಡ್ಡ ತಪ್ಪು ಮಾಡಿದವನು ಊರೆಲ್ಲ ನೋಡುವಂತೆ ಒರಟು ಕಂಬಳಿ ಬಟ್ಟೆ ಹಾಕಿಕೊಂಡು ತಪ್ಪಿತಸ್ಥರ ಜಾಗದಲ್ಲಿ ನಿಲ್ಲಬೇಕು. ಪೂಜೆಯ ಪ್ರಸಾದ ಅವನಿಗಿಲ್ಲ. ನನಗಾಗಿ ಬೇಡಿಕೊಳ್ಳಿ ಅಂತ ಉಳಿದವರನ್ನು ಕೇಳಿಕೊಳ್ಳಬೇಕು. ಈಸ್ಟರಿಗೆ ಮುಂಚೆ ಬಿಷಪ್ಪರೇ ಬಂದು ಅವನನ್ನು ಮತ್ತೆ ಜನರ ಜತೆ ಸೇರಿಸುತ್ತಿದ್ದರು. ಬದುಕಿನಲ್ಲಿ ಒಂದೇ ಸಲ ಅದಕ್ಕೆ ಅವಕಾಶ. ಅದಕ್ಕೇ ಜನ ಹೆದರಿ ಮುಂದೂಡುತ್ತಾ ಮುಂದೂಡುತ್ತಾ ಸಾಯುವ ಹೊತ್ತಿಗೆ ಕೇಳುತ್ತಿದ್ದರಂತೆ.

ಇಷ್ಟು ಹೇಳಿ ಫಾದರ್ ಒಳಗೆ ಹೋದರು.

ನಿಂಗಮ್ಮ ಬಾಗಿಲ ಕಡೆ ಮುಖ ಮಾಡಿಕೊಂಡು ಅಂದಳು: "ನಾನೂ ಹಂಗೇ ಕೂತಿದ್ದೆ ಕಣಣ್ಣ, ಅರಳಿಕಟ್ಟೆ ಮ್ಯಾಲೆ. ನೀನು ಯಜಮಾನ, ನಿಂಗೆ ಊರಿನ ಭಯ. ನಿನ್ನ ಮ್ಯಾಲೆ ಸಿಟ್ಟಿಲ್ಲ. ಅವ್ವ ಬ್ಯಾಡ ಅಂದ್ಬುಟ್ಲಲ್ಲ, ಅದೊಂದು ಇನ್ನೂ ಇಲ್ಲಿ ಕೂತದೆ." ಎದೆ ಮುಟ್ಟಿಕೊಂಡಳು. "ನಾಳೆ ಬತ್ತಿ ಹಚ್ಚುದ್ಮೇಲೆ ಇಳೀತದೇನೋ."

"ನಿಂಗಿ, ಅವ್ವ ಹಂಗನ್ನಲಿಲ್ಲ."

"ಏನು?"

"ನಾನು ಹುಟ್ಟುಸ್ಕಂಡು ಹೇಳಿದ್ದು. ಅವ್ವ ಬ್ಯಾಡ ಅನ್ನಲಿಲ್ಲ. ನಿನ್ನ ಕರ್ಕಬಾ ಅಂತ ನನ್ನ ಕೈ ಹಿಡ್ಕಂಡು ಕೇಳುದ್ಲು. ನಾನು ಕೈ ಬುಡುಸ್ಕಂಡೆ. ಆಮೇಲೆ ನಿನ್ನ ಹೆಸರು ಹಿಡ್ದು ಕೂಗ್ತಾ ಇದ್ಲು."

"ಯಾವಾಗ?"

"ನೀನು ಕಟ್ಟೆ ಮ್ಯಾಲೆ ಕೂತಿದ್ದಾಗ್ಲೂ."

ಅವಳ ಕೈ ನನ್ನ ಮೊಣಕೈಯಿಂದ ಜಾರಿತು. ಆ ಮೆಟ್ಟಿಲ ಮೇಲೆ, ಮುಂದೆ ಏನಿದೆ ಹಿಂದೆ ಏನಿದೆ ಕಾಣದವಳು, ಏನನ್ನೂ ಹಿಡಿಯದೆ ನಿಂತಳು. ಹಿಡಿಯಲು ಹೋದೆ. ನನ್ನ ಬಟ್ಟೆ ತಗುಲಿದ ಕೂಡಲೆ ಬೆಂಕಿ ತಾಗಿದಂತೆ ಸರಿದಳು. ಕೆಳಗಿನಿಂದ ಯಾರೋ ಪ್ರವಾಸಿಗ ಕ್ಯಾಮೆರಾ ಎತ್ತಿಕೊಂಡು, ಪಕ್ಕಕ್ಕೆ ಹೋಗಿ ಅಂತ ನನಗೆ ನಗುನಗುತ್ತಾ ಕೈ ಸನ್ನೆ ಮಾಡಿದ. ಅವನ ಚಿತ್ರಕ್ಕೆ ನಾವು ಅಡ್ಡವಾಗಿದ್ದೆವು.

"ಫಿಲೋಮಿನಾನ ಕರಿ," ಅಂದಳು ನಿಂಗಮ್ಮ.

ಲೂರ್ದ್

ಮರುದಿನ ಬಸ್ಸಿನಲ್ಲಿ ಅವಳು ಫಿಲೋಮಿನಾಳ ಪಕ್ಕ ಕೂತಳು. ದಾರಿ ತುಂಬ ಸೂರ್ಯಕಾಂತಿ ಹೊಲ. ಹೇಳಲು ನನಗೆ ಯಾರೂ ಇರಲಿಲ್ಲ. ಊಟದ ಮೇಜಿನಲ್ಲಿ ನಾನು ಕುರ್ಚಿ ಎಳೆದ ಸದ್ದಿಗೇ ಅವಳು, "ನನ್ನ ಪಂಕ್ತೀಲಿ ಕೂತ್ಕಬ್ಯಾಡ," ಅಂದಳು. ದನಿ ಎತ್ತಲಿಲ್ಲ. ಎಲ್ಲರಿಗೂ ಕೇಳಿಸಿತು. ತಟ್ಟೆ ತೆಗೆದುಕೊಂಡು ಕಿಟಕಿಯ ಕಡೆ ಹೋದೆ. ಒಬ್ಬನೇ ಉಣ್ಣುವುದು ಏನೂ ಕಷ್ಟವಲ್ಲ, ಹೆಂಡತಿ ಹೋದಮೇಲೆ ಅಭ್ಯಾಸವಾಗಿದೆ. ಎದ್ದು ಹೋಗು ಅನ್ನಿಸಿಕೊಂಡು ಉಣ್ಣುವ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಅದನ್ನು ಎಷ್ಟೋ ಮನೆಗಳಿಗೆ ಉಣಿಸಿದವನು ನಾನು.

ಲೂರ್ದಿನಲ್ಲಿ ಗಾಲಿಕುರ್ಚಿಯ ರೋಗಿಗಳ ಸಾಲು ನಮ್ಮ ಕಾವೇರಿಯಷ್ಟು ಉದ್ದ ಕಂಡಿತು. ಮಾತೆ ಕಾಣಿಸಿಕೊಂಡಳು ಅನ್ನುವ ಗವಿಯ ಮುಂದೆ ಮೇಣದ ಬತ್ತಿಗಳ ಕಾಡೇ ಉರಿಯುತ್ತಿತ್ತು. ನಾನು ದೂರದಲ್ಲಿ ನಿಂತೆ. ಫಿಲೋಮಿನಾ ಹಿಂದಿರುಗಿ ಬಂದು ನನ್ನ ಪಕ್ಕದಲ್ಲಿ ಕೂತಳು. ಈ ಸಲ ತಮಾಷೆ ಮಾಡಲಿಲ್ಲ.

"ನಿಮ್ ತಂಗಿ ಬತ್ತಿ ಹಚ್ಲಿಲ್ಲ ಗೌಡ್ರೆ. ಹಿಡ್ಕೊಂಡು ನಿಂತಿದ್ರು, ಆಮೇಲೆ ಚೀಲಕ್ಕೆ ಹಾಕ್ಕೊಂಡ್ರು. ಯಾಕ್ರೀ ಅಂದೆ. ಕ್ಷಮ್ಸು ಅಂತ ಕೇಳಕ್ಕೆ ಬಂದಿದ್ದೆ, ನಾನು ಕೇಳ್ಬೇಕಾದ್ದೇ ಇರ್ಲಿಲ್ವಂತಲ್ಲ ಅಂದ್ರು. ಏನ್ರೀ ಮಾಡಿದ್ರಿ ನೀವು?"

ಆಕೆಗೂ ಹೇಳಿದೆ. ಆಕೆ ಎದ್ದು ಹೋದಳು.

ಊರು

ಹಾಸನದಲ್ಲಿ ನಿಂಗಮ್ಮನ ಮಗಳು ಕಾರು ತಂದು ಕಾಯುತ್ತಿದ್ದಳು. ನಿಂಗಮ್ಮ ಕಾರಿನ ಬಾಗಿಲು ಹಿಡಿದು ನಿಂತು, ನಾನು ಯಾವ ಕಡೆ ಇದ್ದೇನೆಂದು ಗೊತ್ತಾಗದೆ ಎದುರಿನ ಗೋಡೆಗೆ ಹೇಳಿದಳು.

"ಚಾವಡೀಲಿ ನನ್ನ ಸಾಯ್ಸುದ್ಯಲ್ಲ, ಅದೇ ಚಾವಡೀಲಿ ನಿಂತ್ಕಂಡು ಇದ್ನೂ ಹೇಳು. ಎಲ್ರ ಮುಂದೆ. ಆಮೇಲೆ ಫೋನ್ ಮಾಡು."

ನಮ್ಮೂರ ಚಾವಡಿ ಈಗ ಹಾಲಿನ ಡೈರಿ. ಬೆಳಗ್ಗೆ ಹಾಲು ಹಾಕಲು ಎಲ್ಲ ಮನೆಯವರೂ ಬರುತ್ತಾರೆ. ಕ್ಯಾನುಗಳ ನಡುವೆ ನಿಂತು ಹೇಳಿದೆ. ಹುಡುಗರು ಫೋನಿನಿಂದ ತಲೆ ಎತ್ತಿದರು. ನನ್ನ ವಯಸ್ಸಿನವರು ಮುಖ ತಿರುಗಿಸಿಕೊಂಡರು. "ಬುಡಿ ಗೌಡ್ರೆ, ಹಳೇದ್ಯಾಕೆ," ಅಂತ ಒಬ್ಬ ಅಂದ.

ನಮ್ಮ ಗೋಡೆಗೆ ಗೋಡೆ ಅಂಟಿಕೊಂಡ ಮನೆಯ ಈರಮ್ಮ ಕೂತಲ್ಲಿಂದ ಏಳದೆ ಅಂದಳು:

"ಇದ್ನ ಈಗ ಹೇಳೀಯಾ? ನಮಗೆಲ್ಲ ಗೊತ್ತಿತ್ತು ಕಣಪ್ಪ. ನಿಮ್ಮವ್ವ ಕೂಗದು ಕಡೇ ಮನೆಗಂಟ ಕೇಳ್ತಿತ್ತು. ನಾವು ಕಿವಿಗೆ ಸೆರಗು ಮುಚ್ಕಂಡು ಮಲಗ್ತಿದ್ದೋ."

"ಯಾರೂ ಅವಳಿಗೆ ಹೇಳಲಿಲ್ವಾ?"

"ಹೆಂಗೆ ಹೇಳದು? ಮಾತಾಡುದ್ರೆ ಹೊರಗೆ ಅಂತ ನೀನೇ ಕಟ್ಟು ಮಾಡಿದ್ಯಲ್ಲ."

ಹಾಲು ಅಳೆಯುವವನು ಮುಂದಿನ ಮನೆಯ ಹೆಸರು ಕೂಗಿದ. ಜನ ಸಾಲಿನಲ್ಲಿ ಸರಿದರು.

ಮನೆಗೆ ಬಂದು ಜಗಲಿಯ ಮೇಲೆ ಕೂತು ಫೋನ್ ಮಾಡಿದೆ. ಹೇಳಿದೆ ಕಣವ್ವ ಅಂದೆ. ಏನಂದ್ರು ಅಂದಳು. ಏನೂ ಅನ್ನಲಿಲ್ಲ ಅನ್ನುವ ಸುಳ್ಳು ಬಾಯಿವರೆಗೂ ಬಂತು, ಆದರೆ ಈರಮ್ಮ ಅಂದದ್ದನ್ನು ಅಂದ ಹಾಗೆಯೇ ಹೇಳಿದೆ.

"ಎಲ್ರೂ ಕೇಳಿಸ್ಕಂಡ್ರಾ?" ಅಂದಳು. "ನಾನೊಬ್ಳೇ ಕೇಳಿಸ್ಕಳ್ಳಿಲ್ವಾ?"

"ಊಂ," ಅಂದೆ.

"ಹೆಂಗೆ ಕೂಗ್ತಿದ್ಲು? ಕೂಗು. ಅವಳು ಕೂಗ್ದಂಗೇ ಕೂಗು."

"ನಿಂಗವ್ವಾ," ಅಂದೆ.

"ಹಂಗಲ್ಲ. ಕಡೇ ಮನೆಗಂಟ ಕೇಳ್ತಿತ್ತು ಅಂದ್ಯಲ್ಲ."

ಫೋನನ್ನು ಕಿವಿಯಿಂದ ತೆಗೆದು ಜಗಲಿಯ ಮೇಲಿಟ್ಟೆ. ಕಂಬ ಹಿಡಿದು ಎದ್ದು ನಿಂತು, ಎದೆಯಲ್ಲಿ ಇದ್ದಷ್ಟು ಉಸಿರು ಸೇರಿಸಿ, ಬೀದಿಗೆ ಮುಖ ಮಾಡಿ ನನ್ನ ತಂಗಿಯನ್ನು ಕೂಗಿದೆ. ಒಂದೊಂದಾಗಿ ಬಾಗಿಲುಗಳು ತೆರೆದುಕೊಂಡವು. ಈ ಸಲ ಯಾರೂ ಕಿವಿ ಮುಚ್ಚಿಕೊಳ್ಳಲಿಲ್ಲ. ಕೂಗಿದೆ. ದನಿ ಒಡೆದುಹೋಗುವ ತನಕ ಕೂಗಿದೆ. ಕೆಳಗೆ ಫೋನಿನೊಳಗಿಂದ ಅವಳು ಏನೋ ಹೇಳುತ್ತಿದ್ದಳು. ಬಗ್ಗಿ ಎತ್ತಿಕೊಂಡೆ.

"ಓ," ಅನ್ನುತ್ತಿದ್ದಳು. "ಓ, ಬಂದೆ ಕಣವ್ವಾ."